ಅರಿಯದವನ ಸಹಿ

ಪರರ ಧನವನ್ನು ಕೈಯಲ್ಲಿ ಹಿಡಿದವನಿಗೆ ಪ್ರಾಮಾಣಿಕತೆಯೊಂದೇ ಸಾಕೋ, ಇಲ್ಲವೆ ಆ ಧನದ ಲೆಕ್ಕವನ್ನು ಓದಿ ತಿಳಿಯುವ ಶಕ್ತಿಯೂ ಬೇಕೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕೇವಲ ವ್ಯವಹಾರದ್ದಾಗಿ ತೋರುವದು. ಸ್ವಲ್ಪ ಒಳಹೊಕ್ಕು ನೋಡಿದರೆ ಅದು ಧರ್ಮದ ಪ್ರಶ್ನೆಯೇ ಆಗಿದೆ. ಕದಿಯುವದು ಪಾಪವೆಂಬದನ್ನು ಎಲ್ಲರೂ ಒಪ್ಪುವರು. ಆದರೆ ಕದಿಯದೆ, ಸುಳ್ಳಾಡದೆ, ಯಾರ ಕೇಡನ್ನೂ ಬಯಸದೆ, ಕೇವಲ ತಿಳಿಯದೆ ಒಂದು ಕಾಗದಕ್ಕೆ ಸಹಿ ಮಾಡಿದವನಿಂದ ಹತ್ತು ಮನೆಗಳು ಕೆಟ್ಟರೆ, ಆತನನ್ನು ನಿರ್ದೋಷಿಯೆನ್ನಬಹುದೇ? "ನನಗೆ ಲೆಕ್ಕ ಬಾರದು, ಗುಮಾಸ್ತರು ತೋರಿಸಿದಲ್ಲಿ ಸಹಿ ಮಾಡಿದೆನು" ಎಂಬ ಮಾತು ಸಾಕಾದ ಉತ್ತರವಾದೀತೇ?

ಗದಗ ಸೀಮೆಯವರಿಗೆ ಈ ಪ್ರಶ್ನೆಯು ದೂರದ್ದಲ್ಲ. ಬೆಟಗೇರಿಯಲ್ಲಿ ಮಗ್ಗಗಳುಂಟು, ಗದಗಿನಲ್ಲಿ ಅರಳೆ, ಮೆಣಸಿನಕಾಯಿ, ಉಳ್ಳಾಗಡ್ಡಿಗಳ ಪೇಟೆಯುಂಟು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹೊಲಗಳಿಂದ ಶೇಂಗಾ, ಕಡಲೆ, ಹೆಸರು ಬರುತ್ತವೆ. ಇವೆಲ್ಲವುಗಳ ಸುತ್ತಲೂ ಪತ್ತಿನ ಸಂಘ, ಮಾರಾಟದ ಸಂಘ, ನೇಕಾರರ ಸಂಘ, ವಿದ್ಯಾಸಂಸ್ಥೆ, ದೇವಸ್ಥಾನದ ಪಂಚಕಮಿಟಿಗಳು ಬೆಳೆದಿರುತ್ತವೆ. ಇವುಗಳ ಆಡಳಿತ ಮಂಡಳಿಯಲ್ಲಿ ಕುಳಿತವರು ಒಕ್ಕಲಿಗರು, ನೇಕಾರರು, ವೈದ್ಯರು, ಶಿಕ್ಷಕರು. ಸಂಬಳಕ್ಕಿದ್ದವರಲ್ಲಿಯೂ ನೇಯ್ಗೆಯ ಮೇಲ್ವಿಚಾರಕನು, ಗೋದಾಮಿನ ಮುಖ್ಯಸ್ಥನು, ಮಾರಾಟದ ವ್ಯವಸ್ಥಾಪಕನು ಲೆಕ್ಕದ ಕೋಣೆಯ ಹೊರಗಿನವರೇ. ಆದಾಗ್ಯೂ ನೂಲು ಎಷ್ಟು ಕೊಳ್ಳಬೇಕು, ಯಾರಿಗೆ ಉದ್ರಿ ಕೊಡಬೇಕು, ಯಾವ ಯಂತ್ರ ತರಬೇಕು ಎಂಬ ನಿರ್ಣಯಗಳನ್ನು ಮಾಡುವವರು ಇವರೇ. ಹಣದ ಹಣೆಬರಹವನ್ನು ಬರೆಯುವವರು ಇವರು. ಲೆಕ್ಕದ ಗುಮಾಸ್ತನು ಅದನ್ನು ನಕಲು ಮಾಡುವವನು ಮಾತ್ರ.

ಈ ನಾಡಿನ ಹಳೆಯ ಸಂಗತಿಯೊಂದನ್ನು ಇಲ್ಲಿ ನೆನೆಯಬೇಕು. 1904ರಲ್ಲಿ ಹಿಂದುಸ್ಥಾನ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ಮಾಡಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಒಕ್ಕಲಿಗರ ಪತ್ತಿನ ಸಂಘವು ಹುಟ್ಟಿತು. ದೇಶದಲ್ಲಿಯೇ ಮೊದಲನೆಯದೆಂಬ ಕೀರ್ತಿಯು ಅದಕ್ಕೆ ಸಂದಿದೆ. ಸಾವಕಾರನ ಬಡ್ಡಿಯಲ್ಲಿ ಹೊಲ ಕಳೆದುಕೊಳ್ಳುತ್ತಿದ್ದ ರೈತರು ತಮ್ಮ ತಮ್ಮಲ್ಲಿಯೇ ಹಣ ಕೂಡಿಸಿ, ತಮ್ಮವರಿಗೇ ಸಾಲ ಕೊಡುವ ಮಾರ್ಗವದು. ಇದು ಎಲ್ಲರೂ ಹೇಳುವ ಮಾತು. ಎಲ್ಲರೂ ಹೇಳದಿರುವ ಮಾತು ಇನ್ನೊಂದಿದೆ.

ಆ ಕಾಯಿದೆಯ ಪ್ರಕಾರ ಹಳ್ಳಿಯ ಸಂಘಗಳ ಸದಸ್ಯರ ಹೊಣೆಯು ಅಪರಿಮಿತವಾಗಿತ್ತು. ಸಂಘವು ಮುಳುಗಿದರೆ ಸದಸ್ಯನ ಶೇರಿನ ಹಣ ಹೋಗುವದಷ್ಟೇ ಅಲ್ಲ. ಸಂಘದ ಸಾಲಕ್ಕೆ ಆತನ ಮನೆ, ಹೊಲ, ಎತ್ತುಗಳೂ ಹೊಣೆಯಾಗಿದ್ದವು. ಜರ್ಮನಿಯಲ್ಲಿ ರೈಫೈಸನ್ನನು ಹತ್ತೊಂಬತ್ತನೆಯ ಶತಮಾನದಲ್ಲಿ ಹಳ್ಳಿಗಳಿಗಾಗಿ ಕಟ್ಟಿದ ಪತ್ತಿನ ಸಂಘಗಳ ತತ್ವವೂ ಇದೇ ಆಗಿತ್ತು. ಇದು ಕ್ರೂರವಾದ ನಿಯಮವೆಂದು ತೋರಬಹುದು. ಆದರೆ ಅದರಲ್ಲೊಂದು ಶಿಕ್ಷಣವಿತ್ತು. ನೆರೆಯವನು ತೆಗೆದುಕೊಂಡ ಸಾಲವು ಎಷ್ಟು, ಅದು ಯಾವ ಕೆಲಸಕ್ಕೆ ಹೋಯಿತು, ತಿರುಗಿ ಬಂದಿತೋ ಇಲ್ಲವೋ ಎಂಬದನ್ನು ತಿಳಿಯದೆ ಇರುವದು ಯಾವ ಸದಸ್ಯನಿಗೂ ಸುಖದ ವಿಷಯವಾಗಿರಲಿಲ್ಲ. ಅಕ್ಷರ ಬಾರದವನಿಗೂ ಲೆಕ್ಕವನ್ನು ಕೇಳಿಸಿಕೊಳ್ಳುವ ಕಾರಣವಿತ್ತು.

ಕಾಲಾಂತರದಲ್ಲಿ ಪರಿಮಿತ ಹೊಣೆಯೇ ರೂಢಿಯಾಯಿತು. ಇಂದು ಸಂಘಗಳ ನಾಮಫಲಕದ ಕೊನೆಯಲ್ಲಿ 'ನಿಯಮಿತ' ಎಂಬ ಶಬ್ದವಿರುವದು. ಸದಸ್ಯನ ಹಾನಿಯು ಆತನ ಶೇರಿನಷ್ಟಕ್ಕೆ ಮಾತ್ರ ನಿಯಮಿತವೆಂದು ಅದರ ಅರ್ಥ. ಇದು ನ್ಯಾಯವಾದದ್ದೇ, ಅಪರಿಮಿತ ಹೊಣೆಯ ಭಯದಿಂದ ಬಡವನು ಸಂಘದ ಬಾಗಿಲಿಗೇ ಬಾರದಂತಾಗುವದು ಹಿತವಲ್ಲ. ಆದರೆ ಋಣದ ಹೊಣೆಯು ನಿಯಮಿತವಾದಾಗ ಅರಿವಿನ ಹೊಣೆಯೂ ಅದರೊಡನೆ ಸದ್ದಿಲ್ಲದೆ ನಿಯಮಿತವಾಯಿತು. ಅರಿಯದಿರುವದಕ್ಕೆ ಮೊದಲು ಬೆಲೆ ಕೊಡಬೇಕಾಗಿತ್ತು. ಈಗ ಅದು ಅಗ್ಗವಾಯಿತು. ಅಗ್ಗವಾದ ಸರಕು ಹೆಚ್ಚು ಖರ್ಚಾಗುವದು ಲೋಕರೂಢಿಯಷ್ಟೇ.

ಅರಿಯದಿರುವಿಕೆಯಿಂದ ಆಗುವ ಕೇಡು ಎಂಥದೆಂಬದನ್ನು ಒಂದು ಕಲ್ಪಿತ ದೃಷ್ಟಾಂತದಿಂದ ನೋಡಬಹುದು. ಬೆಟಗೇರಿಯಂಥ ಊರಲ್ಲಿ ಒಂದು ನೇಕಾರರ ಸಂಘವಿದೆಯೆಂದು ವಾಚಕರು ಭಾವಿಸಲಿ. ಒಂದು ವರ್ಷದಲ್ಲಿ ಅದು 12,00,000 ರೂಪಾಯಿಯ ಸೀರೆಗಳನ್ನು ಮಾರಿತು. ನೂಲು, ಬಣ್ಣ, ಕೂಲಿ ಮೊದಲಾದವುಗಳಿಗೆ 10,50,000 ರೂಪಾಯಿ ತಗಲಿತು. ಲಾಭ-ಹಾನಿಯ ತಃಖ್ತೆಯಲ್ಲಿ 1,50,000 ರೂಪಾಯಿ ಲಾಭವೆಂದು ಬಂದಿತು. ಮಂಡಳಿಯವರು ಹರ್ಷಪಟ್ಟರು; ಲಾಭಾಂಶವಾಗಿ 60,000 ರೂಪಾಯಿ ಹಂಚುವದೆಂದು ಠರಾವಾಯಿತು; ಸರ್ವಸಾಧಾರಣ ಸಭೆಯಲ್ಲಿ ಚಪ್ಪಾಳೆಯೂ ಆಯಿತು.

ಆದರೆ ಮಾರಿದ ಸೀರೆಗಳಲ್ಲಿ 5,00,000 ರೂಪಾಯಿಯ ಮಾಲು ಉದ್ರಿಯಾಗಿ ಹೋಗಿತ್ತು. ಕೈಗೆ ಬಂದದ್ದು 7,00,000. ಕೈಯಿಂದ ಹೋದದ್ದು 10,50,000. ನಡುವಿನ 3,50,000 ರೂಪಾಯಿ ಎಲ್ಲಿಂದ ಬಂದಿತು? ಊರವರು ಇಟ್ಟ ಠೇವಣಿಯಿಂದ. ಹಂಚಿದ 60,000 ಎಲ್ಲಿಂದ ಬಂದಿತು? ಅದೂ ಠೇವಣಿಯಿಂದಲೇ. ಒಬ್ಬ ವಿಧವೆಯು ಮಗಳ ಮದುವೆಗೆಂದು ಇಟ್ಟ ಹಣವನ್ನು ಶೇರುದಾರರಿಗೆ ಲಾಭವೆಂದು ಹಂಚಲಾಯಿತು. ಮುಂದೆ, ಉದ್ರಿ ಒಯ್ದವರಲ್ಲಿ ಒಬ್ಬ ವ್ಯಾಪಾರಿಯು ಅಂಗಡಿ ಮುಚ್ಚಿದನು. ಆತನ 2,00,000 ರೂಪಾಯಿ ಬಾರದಾಯಿತು. ಆಗ ಲಾಭವೆಂಬದು 50,000 ರೂಪಾಯಿಯ ಹಾನಿಯಾಯಿತು. ಹತ್ತು ವರ್ಷ ಬಾಳತಕ್ಕ 3,00,000 ರೂಪಾಯಿಯ ಮಗ್ಗಗಳ ಸವಕಳಿಯನ್ನು ವರ್ಷಕ್ಕೆ 30,000ದಂತೆ ಹಿಡಿಯುವದನ್ನು ಮರೆತಿದ್ದರೆ, ಅದೂ ಕೂಡಿ ಹಾನಿಯು 80,000 ಆಗುವದು.

ಇಲ್ಲಿ ಯಾರೂ ಒಂದು ರೂಪಾಯಿಯನ್ನೂ ಕದಿಯಲಿಲ್ಲವೆಂಬದು ಗಮನಿಸತಕ್ಕ ವಿಷಯ. ಗುಮಾಸ್ತನು ಕೀರ್ದಿಯನ್ನೂ ಖಾತೆಯನ್ನೂ ಸರಿಯಾಗಿಯೇ ಬರೆದಿದ್ದನು. ಅಢಾವೆ ಪತ್ರಿಕೆಯಲ್ಲಿ 'ಬರತಕ್ಕದ್ದು 5,00,000' ಎಂಬ ಸಾಲು ಎಲ್ಲರ ಕಣ್ಣಿಗೆ ಕಾಣುವಂತಿತ್ತು. ಹನ್ನೊಂದು ಮಂದಿ ಅದರ ಕೆಳಗೆ ಸಹಿ ಮಾಡಿದ್ದರು. ಮಾರಾಟದವನು ಹೆಚ್ಚು ಮಾರಿದೆನೆಂದು ಹಿಗ್ಗಿದ್ದನು. ನೇಯ್ಗೆಯವನು ಹೆಚ್ಚು ನೇಯಿಸಿದೆನೆಂದು ಹಿಗ್ಗಿದ್ದನು. ಪ್ರತಿಯೊಬ್ಬನೂ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿದ್ದನು. ವಿಧವೆಯ ಹಣ ಮಾತ್ರ ಇಲ್ಲವಾಗಿತ್ತು.

ಪೂರ್ವಪಕ್ಷದವರು ಇಲ್ಲಿ ಮೂರು ಮಾತು ಹೇಳುವರು. ಮೊದಲನೆಯದಾಗಿ, ಅವರವರ ವಿದ್ಯೆ ಅವರವರಿಗೆ. ರೋಗಿಯು ವೈದ್ಯನನ್ನು ನಂಬಿ ಔಷಧ ಕುಡಿಯುವಂತೆ ಸಂಚಾಲಕನು ಲೆಕ್ಕಿಗನನ್ನು ನಂಬತಕ್ಕದ್ದು. ನೇಕಾರನು ಲೆಕ್ಕ ಕಲಿಯಲು ಹೊರಟರೆ ನೇಯುವವರಾರು? ಎರಡನೆಯದಾಗಿ, ನಂಬಿಕೆಯು ಸದ್ಗುಣ. ಪ್ರತಿ ಸಾಲನ್ನೂ ಪ್ರಶ್ನಿಸುವವನು ಸಹೋದ್ಯೋಗಿಯ ಮಾನವನ್ನು ಕಳೆಯುವನು. ಮೂರನೆಯದಾಗಿ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಯಾಗುವದು ಕಾಯಿದೆಯಿಂದಲೇ ಕಡ್ಡಾಯವಾಗಿರುವಾಗ ಪ್ರತಿಯೊಬ್ಬನೂ ಚಿಂತಿಸುವ ಕಾರಣವೇನು? ಈ ಮಾತುಗಳನ್ನು ತುಚ್ಛವೆಂದು ತಳ್ಳುವಂತಿಲ್ಲ, ಒಂದೊಂದಾಗಿ ವಿಚಾರಿಸಬೇಕು.

ರೋಗಿಯ ದೃಷ್ಟಾಂತವು ಇಲ್ಲಿ ಹೊಂದುವದಿಲ್ಲ. ರೋಗಿಯು ಕುಡಿಯುವ ಔಷಧದ ಫಲವು ಆತನಿಗೇ. ಸಂಚಾಲಕನಾದರೋ ತಾನು ಕುಡಿಯದೆ ಬೇರೆಯವರಿಗೆ ಕುಡಿಸುವವನು. ತನ್ನ ಸ್ವಂತ ಹಣವನ್ನು ಕಣ್ಣು ಮುಚ್ಚಿ ಒಬ್ಬನ ಕೈಗೆ ಕೊಡುವದು ಔದಾರ್ಯವೆನಿಸೀತು. ಪರರ ಹಣವನ್ನು ಹಾಗೆ ಕೊಡುವದು ಔದಾರ್ಯವಲ್ಲ. ಅದು ತನ್ನದಲ್ಲದ ವಸ್ತುವಿನ ದಾನ. ಮತ್ತು ಯಾರೂ ನೇಕಾರನಿಗೆ ಖಾತೆ ಬರೆಯಲು ಹೇಳುತ್ತಿಲ್ಲ. ಬರೆಯುವದು ಬೇರೆ, ಓದುವದು ಬೇರೆ. ಅಡಿಗೆ ಬಾರದವನೂ ಅನ್ನವು ಹಳಸಿದುದನ್ನು ಅರಿಯಬಲ್ಲನು. ಆ ಅರಿವೂ ಇಲ್ಲದವನು ಪಂಕ್ತಿಗೆ ಬಡಿಸಲು ನಿಲ್ಲಬಾರದು.

ನಂಬಿಕೆಯ ಮಾತಿಗೆ ಬರುವ. ಶರಣರ ಪರಂಪರೆಯಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ದಂಪತಿಗಳ ಕಥೆಯು ಎಲ್ಲ ಮನೆಗಳಲ್ಲಿಯೂ ತಿಳಿದಿದೆ. ಮಾರಯ್ಯನು ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ತರುವನು. ಲಕ್ಕಮ್ಮನು ದಾಸೋಹಕ್ಕೆ ಅಡಿಗೆ ಮಾಡುವಳು. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಆಕೆಯು ಆ ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಹೇಳಿದಳು. ಆಯುವ ಕಾಯಕವು ಆಕೆಯದಲ್ಲ. ಆದಾಗ್ಯೂ ದಿನದ ಅಳತೆಯು ಎಷ್ಟೆಂಬದು ಆಕೆಗೆ ತಿಳಿದಿತ್ತು, ತಿಳಿದಿದ್ದುದರಿಂದಲೇ ಕೇಳಬಲ್ಲವಳಾದಳು. ಪತಿಯ ಮೇಲೆ ಆಕೆಗೆ ನಂಬಿಕೆಯಿರಲಿಲ್ಲವೆಂದು ಯಾರು ಹೇಳಿಯಾರು? ಆಕೆಯ ಪ್ರಶ್ನೆಯಿಂದ ಆತನ ಮಾನ ಕಳೆಯಲಿಲ್ಲ, ಕಾಯಕವು ಉಳಿಯಿತು. ಪ್ರಾಮಾಣಿಕನಾದ ಗುಮಾಸ್ತನಿಗೂ ತಿಳಿದು ಓದುವವನೊಬ್ಬನು ಬೇಕು. ಯಾರೂ ಓದದ ಲೆಕ್ಕವನ್ನು ಬರೆಯುವವನು ಒಳ್ಳೆಯವನಾಗಿದ್ದರೆ ಉತ್ಸಾಹಗುಂದುವನು, ಕೆಟ್ಟವನಾಗಿದ್ದರೆ ಧೈರ್ಯಗೊಳ್ಳುವನು.

ಮೂರನೆಯ ಮಾತು ಲೆಕ್ಕ ತಪಾಸಣೆಯದು. ತಪಾಸಣೆಯು ಅವಶ್ಯವಾದದ್ದು, ಆದರೆ ತಪಾಸಣೆಗಾರನು ಹಿಂದಿನ ವರ್ಷವನ್ನು ನೋಡುವವನು. ಉದ್ರಿ ಕೊಡುವ ಮುಂಚೆ, ಯಂತ್ರ ಕೊಳ್ಳುವ ಮುಂಚೆ ಆತನು ಸಭೆಯಲ್ಲಿರುವದಿಲ್ಲ. ಬಾಗಿಲು ತೆರೆದಿಟ್ಟು ಮಲಗಿದವನಿಗೆ ಬೆಳಿಗ್ಗೆ ಬರುವ ಪಂಚನಾಮೆಯಿಂದ ಆಗುವ ಸಮಾಧಾನ ಎಷ್ಟು? ಇನ್ನೊಂದು ಸಂಗತಿಯನ್ನೂ ಮನೆಮನೆಯವರು ತಿಳಿದಿರಬೇಕು. ಬ್ಯಾಂಕುಗಳಲ್ಲಿಯ, ಸಹಕಾರಿ ಬ್ಯಾಂಕುಗಳಲ್ಲಿಯ ಠೇವಣಿಗೆ ಒಬ್ಬ ಠೇವಣಿದಾರನಿಗೆ 5,00,000 ರೂಪಾಯಿಯ ವರೆಗೆ ವಿಮೆಯ ರಕ್ಷಣೆಯುಂಟು. ಈ ಮೇರೆಯು 2020ರಲ್ಲಿ ಒಂದು ಲಕ್ಷದಿಂದ ಏರಿತು. ಆದರೆ ಪ್ರಾಥಮಿಕ ಪತ್ತಿನ ಸಂಘಗಳ ಠೇವಣಿಗೆ ಆ ವಿಮೆಯಿಲ್ಲ. ಅಲ್ಲಿ ಬಡವನ ಹಣಕ್ಕೆ ಹತ್ತಿರದ ಬೇಲಿಯೆಂದರೆ ಸಂಚಾಲಕರ ಅರಿವು. ಆ ಬೇಲಿಯೇ ಇಲ್ಲವಾದರೆ ಹೊಲವನ್ನು ಕಾಯುವವರಾರು?

ಪ್ರಾಚೀನರು ಈ ವಿಷಯದಲ್ಲಿ ಏನು ಹೇಳಿರುವರೆಂಬದನ್ನೂ ನೋಡಬಹುದು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟರು. ಅದರಲ್ಲಿ ಅಕ್ಷಪಟಲವೆಂಬ ಲೆಕ್ಕದ ಕಚೇರಿಯ ವರ್ಣನೆಯಿದೆ. ರಾಜಧನವು ಅಪಹಾರವಾಗುವ ನಾಲ್ವತ್ತು ಬಗೆಗಳ ಗಣನೆಯಿದೆ. ಇವನ್ನು ಅನೇಕರು ಬಲ್ಲರು. ಆದರೆ ಅಲ್ಲಿಯೇ ಇನ್ನೊಂದು ವಿಧಿಯೂ ಇದೆ: ಮಹಾಮಾತ್ರರು, ಅಂದರೆ ಲೆಕ್ಕಿಗರಲ್ಲದ ಉನ್ನತ ಅಧಿಕಾರಿಗಳು, ತಮ್ಮ ತಮ್ಮ ಕಾರ್ಯಕ್ಕೆ ಹೊಂದಿದ ಲೆಕ್ಕವನ್ನು ಒಟ್ಟಾಗಿ ತಾವೇ ಹೇಳಿ ಕೇಳಿಸತಕ್ಕದ್ದು. ಬರೆದವನು ಬೇರೆಯಾಗಿದ್ದರೂ ಹೇಳುವ ಬಾಯಿ ಕಾರ್ಯ ಮಾಡಿಸಿದವನದೇ ಆಗಿರಬೇಕೆಂಬದು ಅದರ ತಾತ್ಪರ್ಯ.

ಧರ್ಮಶಾಸ್ತ್ರವು ಇದಕ್ಕಿಂತಲೂ ನೇರವಾಗಿದೆ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಸಂಭೂಯಸಮುತ್ಥಾನವೆಂಬ ಪ್ರಕರಣವುಂಟು. ಹಲವರು ಬಂಡವಾಳ ಕೂಡಿಸಿ ಮಾಡುವ ವ್ಯಾಪಾರದ ನಿಯಮಗಳು ಅದರಲ್ಲಿವೆ. ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದದ್ದು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ; ಗದಗ, ಲಕ್ಕುಂಡಿ, ಪುಲಿಗೆರೆಯಾದ ಲಕ್ಷ್ಮೇಶ್ವರಗಳು ಅದೇ ಅರಸನ ನಾಡಾಗಿದ್ದವು. ಕೂಡುವ್ಯಾಪಾರದಲ್ಲಿ ಪಾಲುಗಾರನೊಬ್ಬನು ಉಳಿದವರು ಬೇಡವೆಂದುದನ್ನು ಮಾಡಿ, ಇಲ್ಲವೆ ಅವರ ಒಪ್ಪಿಗೆಯಿಲ್ಲದುದನ್ನು ಮಾಡಿ, ಇಲ್ಲವೆ ಪ್ರಮಾದದಿಂದ ಹಾನಿಪಡಿಸಿದರೆ ಆ ಹಾನಿಯನ್ನು ಆತನೇ ತುಂಬಿ ಕೊಡತಕ್ಕದ್ದೆಂದು ಅಲ್ಲಿಯ ವಿಧಿ. ಇಲ್ಲಿ ಪ್ರಮಾದವೆಂಬ ಶಬ್ದವು ಬಹು ಮಹತ್ವದ್ದು. ಪ್ರಮಾದವೆಂದರೆ ದುಷ್ಟಬುದ್ಧಿಯಲ್ಲ; ಎಚ್ಚರದಪ್ಪುವದು. ಬೇಕೆಂದು ಆಜ್ಞೆ ಮೀರಿದವನನ್ನೂ ಎಚ್ಚರದಪ್ಪಿದವನನ್ನೂ ಶಾಸ್ತ್ರಕಾರನು ಒಂದೇ ಸಾಲಿನಲ್ಲಿ ನಿಲ್ಲಿಸಿದನು. ಹಾನಿ ತಗಲಿದವನ ಕಡೆಯಿಂದ ನೋಡಿದರೆ ಇವರಿಬ್ಬರಲ್ಲಿ ಭೇದವಿಲ್ಲ.

ಹಾಗಾದರೆ ಓದುಬರಹ ಬಾರದವರು, ಹೊಸತಾಗಿ ಆರಿಸಿ ಬಂದ ಹೆಣ್ಣುಮಕ್ಕಳು, ಹೊಲ ಬಿಟ್ಟು ಬೇರೇನೂ ನೋಡದ ಮುದುಕರು ಮಂಡಳಿಯಿಂದ ಹೊರಗುಳಿಯಬೇಕೇ? ಹಾಗೆ ಹೇಳುವದು ಅನ್ಯಾಯವಾದೀತು. ಸಂಘಗಳು ಹುಟ್ಟಿದ್ದೇ ಅಂಥವರ ಸಲುವಾಗಿ. ಇಲ್ಲಿ ಎರಡು ತರದ ಅಜ್ಞಾನವನ್ನು ಬೇರ್ಪಡಿಸಬೇಕು. ಒಂದು, ಕಲಿಯಲು ಅವಕಾಶವೇ ಸಿಗದವನದು. ಅದು ಆತನ ದೋಷವಲ್ಲ, ಕಲಿಸದವರ ದೋಷ. ಇನ್ನೊಂದು, ಕೇಳಿದರೆ ತಿಳಿಯುತ್ತಿದ್ದರೂ ಕೇಳದೆ ಕಾಪಾಡಿಕೊಂಡು ಬಂದ ಅಜ್ಞಾನ. ಮಾನಕ್ಕಂಜಿ ಕೇಳದವನೂ, ಸಭೆ ಬೇಗ ಮುಗಿಯಲೆಂದು ಕೇಳದವನೂ, ತಿಳಿದರೆ ಹೊಣೆ ಬಂದೀತೆಂದು ಕೇಳದವನೂ ಈ ಎರಡನೆಯ ವರ್ಗದವರು. ದೊಡ್ಡ ಪದವಿಯವರಲ್ಲಿಯೇ ಈ ಅಜ್ಞಾನವು ಹೆಚ್ಚಾಗಿರುವದು. ಏಕೆಂದರೆ ಪ್ರಶ್ನೆ ಕೇಳಿದರೆ ತಮಗೆ ತಿಳಿಯದೆಂಬದು ಬಯಲಾದೀತೆಂಬ ಭಯವು ಅವರಿಗೇ ಹೆಚ್ಚು.

ಅಕ್ಷರಜ್ಞಾನವಿಲ್ಲದೆಯೂ ಲೆಕ್ಕದ ಅರಿವು ಸಾಧ್ಯವೆಂಬದಕ್ಕೆ ಕಣ್ಣೆದುರಿನ ಸಾಕ್ಷಿಯಿದೆ. 1992ರಲ್ಲಿ ನಬಾರ್ಡ್ ಸಂಸ್ಥೆಯು ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕಾರ್ಯವನ್ನು ಆರಂಭಿಸಿದಂದಿನಿಂದ ಹಳ್ಳಿ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸಂಘಗಳು ಬೆಳೆದಿವೆ. ಅಲ್ಲಿ ವಾರದ ಸಭೆಯಲ್ಲಿ ವೃತ್ತಾಕಾರವಾಗಿ ಕುಳಿತು ಉಳಿತಾಯವೆಷ್ಟು, ಸಾಲವೆಷ್ಟು, ಯಾರ ಕಂತು ಬರಬೇಕು ಎಂಬದನ್ನು ಎಲ್ಲರಿಗೆ ಕೇಳುವಂತೆ ಓದುವ ಪದ್ಧತಿಯಿದೆ. ಹೆಬ್ಬೆಟ್ಟೊತ್ತುವ ಮುದುಕಿಯೂ ಅಲ್ಲಿ ಸಂಘದ ಶಿಲ್ಕು ಎಷ್ಟೆಂದು ಹೇಳಬಲ್ಲಳು. ಇತ್ತ, ಪದವಿ ಪಡೆದವರು ಕುಳಿತ ದೊಡ್ಡ ಸಂಸ್ಥೆಗಳ ಸಭೆಯಲ್ಲಿ ಅಢಾವೆ ಪತ್ರಿಕೆಯನ್ನು 'ಓದಿದಂತೆ ಭಾವಿಸಿ' ಮಂಜೂರು ಮಾಡುವದುಂಟು. ಓದಿದಂತೆ ಭಾವಿಸಿದ ಲೆಕ್ಕವು ಉಂಡಂತೆ ಭಾವಿಸಿದ ಊಟದಂತೆಯೇ ಸರಿ.

ಹೀಗಿರುವದರಿಂದ ಲೆಕ್ಕದ ಕೋಣೆಯ ಹೊರಗಿನವನ ಧರ್ಮವು ಪಾಂಡಿತ್ಯವಲ್ಲ, ಐದು ಪ್ರಶ್ನೆಗಳು ಮಾತ್ರ. ಇಂದು ಎಣಿಸಿದರೆ ಕೈಯಲ್ಲಿಯೂ ಬ್ಯಾಂಕಿನಲ್ಲಿಯೂ ನಿಜವಾಗಿ ಇರುವ ಹಣವೆಷ್ಟು? ಸಂಘಕ್ಕೆ ಬರತಕ್ಕದ್ದು ಯಾರಿಂದ, ಎಷ್ಟು ದಿನಗಳಿಂದ, ಅದರಲ್ಲಿ ಕಟಬಾಕಿಯೆಷ್ಟು? ಸಂಘವು ಕೊಡತಕ್ಕದ್ದು ಯಾರಿಗೆ, ಯಾವ ತಿಂಗಳಲ್ಲಿ? ಲಾಭವೆಂದು ಬರೆದದ್ದರಲ್ಲಿ ಕೈಗೆ ಬಂದದ್ದೆಷ್ಟು, ಕಾಗದದ ಮೇಲೆ ಇರುವದೆಷ್ಟು? ಗೋದಾಮಿನ ಮಾಲು, ಯಂತ್ರ, ಕಟ್ಟಡಗಳ ಬೆಲೆಯೆಂದು ಬರೆದದ್ದನ್ನು ಇಂದು ಮಾರಿದರೆ ಅಷ್ಟು ಬರುವದೇ? ಈ ಐದು ಪ್ರಶ್ನೆಗಳಿಗೆ ತಿಂಗಳಿಗೊಮ್ಮೆ, ಕನ್ನಡದಲ್ಲಿ, ಎಲ್ಲರಿಗೆ ತಿಳಿಯುವಂತೆ ಉತ್ತರ ದೊರೆತರೆ ಮೇಲಿನ ದೃಷ್ಟಾಂತದ ವಿಧವೆಯ ಹಣ ಉಳಿಯುತ್ತಿತ್ತು. ಮೊದಲನೆಯ ತಿಂಗಳಲ್ಲಿಯೇ ಮಾರಾಟದವನು ತಾನು ಮಾರಿದ್ದು ಸೀರೆಯೋ ಸಂಘದ ಠೇವಣಿಯೋ ಎಂಬದನ್ನು ಕಾಣುತ್ತಿದ್ದನು.

ಉತ್ತರವು ತಿಳಿಯದಿದ್ದರೆ ಸಹಿಯನ್ನು ತಡೆಯುವದು ಆತನ ಹಕ್ಕು. ಅದಕ್ಕಿಂತ ಹೆಚ್ಚಾಗಿ ಅದು ಆತನ ಕರ್ತವ್ಯ. ಸಹಿಯೆಂದರೆ ಕೇವಲ ಹೆಸರಲ್ಲ, 'ಇದನ್ನು ಬಲ್ಲೆನು' ಎಂಬ ಸಾಕ್ಷ್ಯ. ಬಲ್ಲದೆ ಹೇಳಿದ ಸಾಕ್ಷ್ಯವು ಅಕಸ್ಮಾತ್ ನಿಜವಾದರೂ ಸುಳ್ಳುಸಾಕ್ಷ್ಯದ ಬಂಧುವೇ. ಇದರಂತೆ ಬಲ್ಲವರಿಗೂ ಒಂದು ಕರ್ತವ್ಯವಿದೆ. ಕಠಿಣ ಶಬ್ದಗಳ ಮರೆಯಲ್ಲಿ ಲೆಕ್ಕವನ್ನು ಬಚ್ಚಿಡುವ ಲೆಕ್ಕಿಗನು ಕದಿಯದಿದ್ದರೂ ದೋಷಿಯೇ. ವಿದ್ಯೆಯನ್ನು ಬೇಡಿದವನಿಗೆ ಹೇಳದಿರುವದು ಗುರುಧರ್ಮಕ್ಕೆ ವಿರುದ್ಧವಾದದ್ದು. ಇಂಗ್ಲಂಡದ ರಾಚ್‌ಡೇಲ್ ಎಂಬಲ್ಲಿ 1844ರಲ್ಲಿ ಸಹಕಾರಿ ಅಂಗಡಿಯನ್ನು ತೆರೆದ ಬಡ ಕೆಲಸಗಾರರು ಕೆಲವೇ ವರ್ಷಗಳಲ್ಲಿ ಲಾಭದ ನೂರಕ್ಕೆ ಎರಡೂವರೆ ಪಾಲನ್ನು ಸದಸ್ಯರ ಶಿಕ್ಷಣಕ್ಕೆಂದು ತೆಗೆದಿರಿಸಿದರು. ಕರ್ನಾಟಕದ ಕಾಯಿದೆಯಲ್ಲಿಯೂ ಸಹಕಾರ ಶಿಕ್ಷಣ ನಿಧಿಗೆ ಲಾಭದ ಪಾಲು ಕೊಡುವ ನಿಯಮವಿದೆ. ಪಾಲು ಕೊಡುವದರಿಂದಲೇ ಕಲಿತಂತಾಗುವದಿಲ್ಲ. ಊರಿನ ವಾಚನಾಲಯದಲ್ಲಿ ವಾರಕ್ಕೊಂದು ಸಾಯಂಕಾಲ, ಊರಿನದೇ ಒಂದು ಅಢಾವೆ ಪತ್ರಿಕೆಯನ್ನು ಮುಂದಿಟ್ಟುಕೊಂಡು ಸಾಲುಸಾಲಾಗಿ ಓದಿದರೆ ಒಂದು ಮಳೆಗಾಲದೊಳಗೆ ಹತ್ತು ಮಂದಿ ತಯಾರಾಗುವರು.

ಲಕ್ಕುಂಡಿ, ಲಕ್ಷ್ಮೇಶ್ವರಗಳ ಶಿಲಾಶಾಸನಗಳನ್ನು ನೋಡಿದವರಿಗೆ ಒಂದು ಮಾತು ಹೊಳೆಯದಿರದು. ದತ್ತಿಯು ಯಾವದು, ಎಷ್ಟು, ಯಾವ ಕಾರ್ಯಕ್ಕೆ, ಯಾರ ವಶಕ್ಕೆ ಎಂಬದನ್ನು ಕಲ್ಲಿನಲ್ಲಿ ಕೊರೆದು, ಹೋಗಿ ಬರುವವರೆಲ್ಲರಿಗೆ ಕಾಣುವಂತೆ ಗುಡಿಯಲ್ಲಿ ನಿಲ್ಲಿಸಿದರು. ಕೊಟ್ಟವರೂ ಪಡೆದವರೂ ಅದನ್ನು ಪೆಟ್ಟಿಗೆಯಲ್ಲಿ ಬಚ್ಚಿಡಲಿಲ್ಲ. ಸಾರ್ವಜನಿಕ ಧನದ ಲೆಕ್ಕವು ಸಾರ್ವಜನಿಕ ಜ್ಞಾನವಾಗಿರಬೇಕೆಂಬದು ಈ ಮಣ್ಣಿಗೆ ಹೊಸ ಮಾತಲ್ಲ.

ಬಲಿಪಾಡ್ಯಮಿಯ ದಿವಸ ಗದಗ-ಬೆಟಗೇರಿಯ ಅಂಗಡಿಗಳಲ್ಲಿ ಖಾತೆಪುಸ್ತಕಕ್ಕೆ ಅರಿಷಿಣ-ಕುಂಕುಮವಿಟ್ಟು, ಹೂವೇರಿಸಿ, ಕೈಮುಗಿಯುವ ಸಂಪ್ರದಾಯವು ನಡೆದು ಬಂದಿದೆ. ಲೆಕ್ಕವು ಪೂಜ್ಯವೆಂಬ ಭಾವನೆಯು ಶ್ರೇಷ್ಠವಾದದ್ದು. ಆದರೆ ಮನೆಯಲ್ಲಿ ರಾಮಾಯಣವನ್ನು ಪೂಜಿಸುವವರು ಅದನ್ನು ತೆರೆದು ಓದಲೂ ಬಲ್ಲರು. ಬರೀ ಪೂಜೆಯಿಂದ ಪಾರಾಯಣವಾಗುವದಿಲ್ಲ. ಖಾತೆಪುಸ್ತಕದ ವಿಷಯದಲ್ಲಿಯೂ ಹಾಗೆಯೇ. ಆ ದಿನ ಹೂವನ್ನು ಪಕ್ಕಕ್ಕೆ ಸರಿಸಿ, ಪುಸ್ತಕವನ್ನು ತೆರೆದು, 'ಬರತಕ್ಕದ್ದು' ಎಂಬ ಸಾಲಿನ ಮೇಲೆ ಬೆರಳಿಟ್ಟು, "ಇದು ಯಾರಿಂದ ಬರಬೇಕು? ಯಾವಾಗಿನಿಂದ?" ಎಂದು ಕೇಳುವ ನೇಕಾರನೊಬ್ಬನು, ಶಿಕ್ಷಕನೊಬ್ಬನು, ಗೃಹಿಣಿಯೊಬ್ಬಳು ಎದ್ದರೆ ಕಣಗಿನಹಾಳದ ರೈತರು 1905ರಲ್ಲಿ ತಮ್ಮ ಮನೆ-ಹೊಲಗಳನ್ನು ಹೊಣೆಯಿಟ್ಟು ಆರಂಭಿಸಿದ ಕಾರ್ಯಕ್ಕೆ ಅದೇ ತಕ್ಕ ಗೌರವವಾಗುವದು.